ಇಲಿಗೆ ವಾಸಿಯಾಯಿತು, ನಮ್ಮ ಹುಡುಗನಿಗೆ ಯಾವಾಗ?

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಅಣ್ಣನ ಮಗನಿಗೆ ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಹೆಚ್ಚಾಗಿ ಹುಡುಗರಿಗೆ ಬರುವ, ಸ್ನಾಯುಗಳು ಕ್ರಮೇಣ ಹಾಳಾಗುವ ಆನುವಂಶಿಕ ಕಾಯಿಲೆ), ಆಗಾಗ 'ಇಲಿಗಳಲ್ಲಿ ಯಶಸ್ವಿ' ಅನ್ನುವ ಸುದ್ದಿ ಬರುತ್ತದೆ, ಆಮೇಲೆ ಅದರ ಪತ್ತೆಯೇ ಇರುವುದಿಲ್ಲ ಎಂದಿದ್ದೀರಿ. ಕೊನೆಗೆ ಕೇಳಿದ್ದೀರಿ: "ಇಲಿಯೇ ಬೇರೆ, ಮನುಷ್ಯನೇ ಬೇರೆ. ಆ ಮೂಕಪ್ರಾಣಿಗಳನ್ನು ಸುಮ್ನೆ ಯಾಕೆ ಕೊಲ್ಲಬೇಕು? ಎಲ್ಲಾ ಕಂಪ್ಯೂಟರಿನಲ್ಲೇ ಮಾಡಬಾರದಾ?"

ಸುಮ್ನೆ ಕೊಲ್ಲುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಯಾವ ಪ್ರಶ್ನೆಗೆ ಯಾವ ಪ್ರಾಣಿ ಅಂತ ಯೋಚಿಸದೆ ಮಾಡಿದ ಪ್ರಯೋಗ ದಂಡವೇ. ಆದರೆ ಎಲ್ಲವನ್ನೂ ಆ ಸಾಲಿಗೆ ಸೇರಿಸಬೇಡಿ.

ನಿಮ್ಮ ಹುಡುಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಹೆಚ್ಚಾಗಿ ಬಳಸುವುದು ಎಂಡಿಎಕ್ಸ್ ಎಂಬ ಇಲಿ. ಅದನ್ನು ಯಾರೂ ತಯಾರಿಸಿದ್ದಲ್ಲ, ಲ್ಯಾಬಿನ ಇಲಿಗಳ ನಡುವೆ ತಾನಾಗಿ ಹುಟ್ಟಿದ್ದು, 1984ರಲ್ಲಿ ವರದಿಯಾಯಿತು. 1987ರಲ್ಲಿ ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಪತ್ತೆಯಾದಾಗ, ಹುಡುಗರಲ್ಲಿ ಇಲ್ಲದ್ದು ಈ ಇಲಿಯಲ್ಲೂ ಇಲ್ಲ ಅಂತ ಗೊತ್ತಾಯಿತು. ಕೆಟ್ಟಿರುವ ಜೀನ್ ಒಂದೇ, ಕೊರತೆಯೂ ಒಂದೇ. ಕಾಯಿಲೆ ಮಾತ್ರ ಒಂದೇ ಅಲ್ಲ! ಮೂರು ನಾಲ್ಕು ವಾರದ ಮರಿಯಲ್ಲಿ ಕಾಲಿನ ಸ್ನಾಯು ಜೋರಾಗಿ ಹಾಳಾಗುತ್ತದೆ, ಆಮೇಲೆ ಬಹುಪಾಲು ತಾನೇ ಬೆಳೆದುಕೊಳ್ಳುತ್ತದೆ, ಇಲಿ ಓಡಾಡಿಕೊಂಡು ಎರಡು ವರ್ಷದ ಹತ್ತಿರಹತ್ತಿರ ಬದುಕುತ್ತದೆ. ಹುಡುಗರಿಗೋ, ಹನ್ನೆರಡರ ಆಸುಪಾಸಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಇಲಿಯ ಸ್ನಾಯು ಮತ್ತೆ ಬೆಳೆಯುವ ಶಕ್ತಿ ಜಾಸ್ತಿ. ಜೊತೆಗೆ ಯುಟ್ರೋಫಿನ್ ಎಂಬ ಇನ್ನೊಂದು ಪ್ರೋಟೀನ್ ಡಿಸ್ಟ್ರೋಫಿನ್ನಿನ ಕೆಲಸವನ್ನು ಅಲ್ಪಸ್ವಲ್ಪ ನಿಭಾಯಿಸುತ್ತದೆ. ಈ ಎರಡೂ ಪ್ರೋಟೀನ್ ಇಲ್ಲದ ಇಲಿಗಳನ್ನು ಮಾಡಿ ನೋಡಿದಾಗ ಅವು ಕೆಲವೇ ತಿಂಗಳಲ್ಲಿ ಸತ್ತವು.

ಈಗ ನೀವೇ ಯೋಚಿಸಿ. ನಾಲ್ಕು ವಾರದ ಮರಿಗೆ ಔಷಧ ಕೊಟ್ಟು, ಎಂಟನೇ ವಾರ ಕಾಲಿನ ಸ್ನಾಯು ನೋಡಿ 'ಸುಧಾರಿಸಿದೆ' ಅಂದರೆ ಎಷ್ಟು ನಂಬುವುದು? ತಾನಾಗಿಯೇ ಸುಧಾರಿಸುವ ಹೊತ್ತದು! ಅದೇ ಇಲಿಯಲ್ಲಿ ಉಸಿರಾಟಕ್ಕೆ ಬೇಕಾದ ವಪೆಯ ಸ್ನಾಯು ಮಾತ್ರ ಹುಡುಗರಲ್ಲಿ ಆಗುವಂತೆಯೇ ವಯಸ್ಸಾದಂತೆ ಕೆಡುತ್ತಾ ಹೋಗುತ್ತದೆ. ಅದನ್ನು ನೋಡಿ ಹೇಳಿದ್ದರೆ ನಾನು ಕಿವಿಗೊಡುತ್ತೇನೆ. ಇದೇ ಜೀನ್ ಕೆಟ್ಟಿರುವ ಗೋಲ್ಡನ್ ರಿಟ್ರೀವರ್ ನಾಯಿಗಳೂ ಇವೆ. ಅವಕ್ಕೆ ನಡೆಯಲು, ನುಂಗಲು ನಿಜಕ್ಕೂ ಕಷ್ಟವಾಗುತ್ತದೆ, ಹುಡುಗರ ಕಾಯಿಲೆಗೆ ಇನ್ನೂ ಹತ್ತಿರ. ಆದರೆ ನಾಯಿಯಿಂದ ನಾಯಿಗೆ ತೀವ್ರತೆ ಬೇರೆ, ಸಾಕುವುದೂ ಕಷ್ಟ, ನೋಡಲು ಸಂಕಟ ಬೇರೆ.

ಗಾತ್ರವೂ ಸಣ್ಣ ವಿಷಯವಲ್ಲ. ಇಲಿಯ ತೂಕ ಸುಮಾರು 25 ಗ್ರಾಂ, ಹುಡುಗನದು 25 ಕಿಲೋ ಅಂದುಕೊಳ್ಳಿ. ವೈರಸ್ ಮೂಲಕ ಜೀನ್ ಸೇರಿಸುವ ಚಿಕಿತ್ಸೆಯಲ್ಲಿ ತೂಕದ ಲೆಕ್ಕದಲ್ಲಿ ಕೊಟ್ಟರೆ ಸಾವಿರ ಪಟ್ಟು ವೈರಸ್ ಒಂದೇ ದೇಹಕ್ಕೆ ಹೋಗಬೇಕು. ಆ ದೇಹ ಅದನ್ನು ಹೇಗೆ ಎದುರಿಸುತ್ತದೆ ಅಂತ ಇಲಿ ಹೇಳಲಾರದು.

ಪ್ರಾಣಿಗಳು ತಪ್ಪು ದಾರಿ ತೋರಿಸುವುದು ಎರಡೂ ಕಡೆಗೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಕಥೆ ನೋಡಿ. ಜಪಾನಿನ ಅಕಿರಾ ಎಂಡೋ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ 1973ರಲ್ಲಿ ಒಂದು ವಸ್ತು ಕಂಡುಹಿಡಿದರು. ಇಲಿಗಳಿಗೆ ಕೊಟ್ಟರೆ ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಅಲ್ಲಿಗೇ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದರು, ಚೆನ್ನಾಗಿ ಇಳಿಯಿತು. ಇದಕ್ಕೆ ವಿರುದ್ಧವಾದದ್ದು 2006ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಟಿಜಿಎನ್1412 ಎಂಬ ಔಷಧ ಮಂಗಗಳಿಗೆ ಏನೂ ಮಾಡಿರಲಿಲ್ಲ. ಅವಕ್ಕೆ ಕೊಟ್ಟದ್ದರ 500ರಲ್ಲಿ ಒಂದು ಪಾಲು ಕೊಟ್ಟ ಆರು ಜನ ಆರೋಗ್ಯವಂತರು ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಆರೂ ಜನ ಬದುಕಿಕೊಂಡರು.

ಹಾಗಾದರೆ ಕಂಪ್ಯೂಟರ್? ಗೊತ್ತಿರುವುದನ್ನು ಹಾಕಿದರೆ ಅದು ಲೆಕ್ಕ ಹೇಳುತ್ತದೆ, ನಮಗೆ ಯಾರಿಗೂ ಗೊತ್ತಿಲ್ಲದ ಅಡ್ಡಪರಿಣಾಮವನ್ನು ಎಲ್ಲಿಂದ ತರುತ್ತದೆ? ನನಗೆ ಅದಕ್ಕಿಂತ ಭರವಸೆ ಇರುವುದು ರೋಗಿಯದೇ ಜೀವಕೋಶಗಳಿಂದ ಬೆಳೆಸುವ ಆರ್ಗನಾಯ್ಡ್‌ಗಳ ಮೇಲೆ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಕರುಳಿನ ಲೋಳೆ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ಇರುವವರ ಕರುಳಿನಿಂದ ಚೂರು ತೆಗೆದು ಬೆಳೆಸಿದ ಪುಟ್ಟ ಉಂಡೆಗಳು, ಔಷಧ ಕೆಲಸ ಮಾಡಿದರೆ ಒಳಗೆ ನೀರು ತುಂಬಿಕೊಂಡು ಕಣ್ಣೆದುರೇ ಉಬ್ಬುತ್ತವೆ. ಮಾಡದಿದ್ದರೆ ಉಬ್ಬುವುದಿಲ್ಲ. ಆ ರೋಗಿಗೇ ಆ ಔಷಧ ಆಗುತ್ತದಾ ಅಂತ ತಿಳಿಯುತ್ತದೆ, ಇಲಿ ಬೇಕಿಲ್ಲ. ಆದರೆ ಆ ಉಂಡೆಗೆ ಲಿವರ್ ಇಲ್ಲ, ಹೃದಯ ಇಲ್ಲ, ಅದು ಉಸಿರಾಡುವುದಿಲ್ಲ. ಡುಷೇನ್‌ನಲ್ಲಿ ಕೊನೆಗೆ ಕೈಕೊಡುವುದು ಹೃದಯ, ಉಸಿರಾಟಗಳೇ ಅಲ್ವಾ?

ಇನ್ನು 'ಆಮೇಲೆ ಪತ್ತೆಯೇ ಇರುವುದಿಲ್ಲ' ಎಂಬ ನಿಮ್ಮ ಮಾತು. ಜೀನಿನ ಒಂದು ತುಣುಕನ್ನು (ಅದಕ್ಕೆ ಎಕ್ಸಾನ್ ಅನ್ನುತ್ತಾರೆ) ಹಾರಿಸಿ ಓದಿಸುವ ಎಕ್ಸಾನ್ ಸ್ಕಿಪ್ಪಿಂಗ್ ಈ ಎಂಡಿಎಕ್ಸ್ ಇಲಿಗಳಲ್ಲಿ ಹದಗೊಂಡ ವಿದ್ಯೆ. ಅದರ ಮೊದಲ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹುಡುಗರಲ್ಲಿ ಅದರಿಂದ ಹುಟ್ಟಿದ ಡಿಸ್ಟ್ರೋಫಿನ್ ಇರಬೇಕಾದದ್ದರ ಶೇಕಡಾ 1ರ ಆಸುಪಾಸು ಮಾತ್ರ, ಹಾಗಾಗಿ ಆ ಒಪ್ಪಿಗೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಅದು ಎಲ್ಲರಿಗೂ ಆಗುವ ಔಷಧವೂ ಅಲ್ಲ, 51ನೇ ಎಕ್ಸಾನ್ ಹಾರಿಸಿದರೆ ಉಪಯೋಗವಾಗುವ ಸುಮಾರು ಶೇಕಡಾ 13ರಷ್ಟು ಹುಡುಗರಿಗೆ ಮಾತ್ರ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಕಂಡರೆ, ಯಾವ ಪ್ರಾಣಿ, ಎಷ್ಟು ವಯಸ್ಸಿನದು, ಯಾವ ಸ್ನಾಯು ನೋಡಿದರು ಅಂತ ಮೊದಲು ಹುಡುಕಿ. ಅದಕ್ಕೂ ಮೊದಲು ಹುಡುಗನ ಜೆನೆಟಿಕ್ ರಿಪೋರ್ಟ್ ತೆಗೆದು ಯಾವ ಎಕ್ಸಾನ್ ಹೋಗಿದೆ ನೋಡಿ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಪರೀಕ್ಷೆಯೇ ಆಗಿಲ್ಲದಿದ್ದರೆ ಅಣ್ಣನಿಗೆ ಹೇಳಿ ಡಾಕ್ಟರ ಹತ್ತಿರ ಈಗಲೇ ಕೇಳಿಸಿ.