ನೋವಿನ ಬಿಲ್ ಬೇರೆ, ಅಂದದ ಬಿಲ್ ಬೇರೆ

ಅಕ್ಕಾ, ನನಗೆ 41 ವರ್ಷ, ಬಾಗಲಕೋಟೆಯ ನವನಗರದಲ್ಲಿ ಮನೆ. ಮದುವೆಗೆ ಮೊದಲು ಪುಣೆಯಲ್ಲಿ ಕೆಲಸದಲ್ಲಿದ್ದಾಗ, 2013ರಲ್ಲಿ, ನನ್ನ ಸ್ವಂತ ದುಡ್ಡಿನಲ್ಲಿ ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡೆ. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಒಂದು ವರ್ಷದಿಂದ ಬಲಗಡೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮೇಲಕ್ಕೆ ಸರಿದಂತೆ ಕಾಣುತ್ತದೆ, ನೋವಿದೆ. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಹತ್ತು ವರ್ಷದ ಮಗಳು ಶಾಲೆಯಿಂದ ಓಡಿ ಬಂದರೆ, ಅವಳು ತಬ್ಬಿಕೊಳ್ಳುವ ಮೊದಲೇ ನನ್ನ ಕೈ ಅಡ್ಡ ಬರುತ್ತದೆ. ಪುಣೆಗೆ ಫೋನ್ ಮಾಡಿ ಕೇಳಿದೆ, ಇಂಪ್ಲಾಂಟ್ ತೆಗೆದು, ಜೋತುಬೀಳದಂತೆ ಎತ್ತಿ ಹೊಲಿಯುವ 'ಲಿಫ್ಟ್' ಮಾಡಲು ಎರಡೂವರೆ ಲಕ್ಷ ಅಂದರು. ಗಂಡ, 'ಹಾಕಿಸ್ಕೋ ಅಂತ ನಾನು ಹೇಳಿದ್ನಾ?' ಎಂದು ಸುಮ್ಮನಾದರು. ಅವರ ಕಂಪನಿಯ ಇನ್ಶೂರೆನ್ಸ್ ಇದೆ. ಪರಿಚಯದ ಏಜೆಂಟ್ ಒಬ್ಬರು 'ಗಡ್ಡೆ ತೆಗೆದದ್ದು ಅಂತ ಬರೆಸಿಬಿಡಿ, ಕ್ಲೇಮ್ ಆಗುತ್ತದೆ' ಅನ್ನುತ್ತಾರೆ. ಇಲ್ಲದಿದ್ದರೆ ತವರಿನ ಪಾಟಲಿ ಮಾರಬೇಕು. ಬರೀ ತೆಗೆಸಿದರೆ ಜೋತುಬೀಳುತ್ತದೆ ಎಂಬ ಭಯವೂ ಇದೆ. ಹೋದ ವರ್ಷ ಅತ್ತೆಯ ಮೊಣಕಾಲಿನ ಆಪರೇಷನ್‌ಗೆ ಯಾರೂ ಒಂದು ಮಾತು ಆಡಲಿಲ್ಲ. ನನ್ನದು ಬಂದಾಗ ಮಾತ್ರ ನಾನು ತಪ್ಪಿತಸ್ಥೆಯ ಹಾಗೆ ನಿಂತಿದ್ದೇನೆ. ಏನು ಮಾಡಲಿ?

– ಹೆಸರು ಬೇಡ, ಬಾಗಲಕೋಟೆ

ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಮಗಳು ಓಡಿ ಬರುವಾಗ ಕೈ ಅಡ್ಡ ಬರುತ್ತದೆ ಅಂತ ಬರೆದಿದ್ದೀರಲ್ಲ, ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಒಂದು ವರ್ಷ ಇದನ್ನು ತಡೆದುಕೊಂಡಿದ್ದೀರಿ. ಜಾಸ್ತಿ ಆಯಿತು. ಇನ್ನು ತಡೆಯುವುದು ಬೇಡ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಬಲಗಡೆಯ ನೋವು ಒಂದು. ತೆಗೆಸಿದ ಮೇಲೆ ಹೇಗೆ ಕಾಣುತ್ತೇನೋ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಗಂಡನ ಹತ್ತಿರ ಹೋದಿರಿ, ಅವರಿಗೆ ಎರಡನೆಯದು ಮಾತ್ರ ಕೇಳಿಸಿತು. ಇನ್ಶೂರೆನ್ಸ್‌ನವರೂ ಹಾಗೇ ಮಾಡುತ್ತಾರೆ. ಅದಕ್ಕೇ ಮೊದಲು ಇವೆರಡನ್ನೂ ಬಿಡಿಸಿ ಇಡೋಣ.

ನೋವಿನ ವಿಷಯ. ಕಾಲಿಗೆ ಜಾಲಿ ಮುಳ್ಳು ಚುಚ್ಚಿ ತುದಿ ಒಳಗೆ ಉಳಿದರೆ ಸುತ್ತ ಗಂಟು ಕಟ್ಟುತ್ತದಲ್ಲ, ಇಂಪ್ಲಾಂಟ್ ಸುತ್ತಲೂ ದೇಹ ಹಾಗೇ ಒಂದು ಪೊರೆ ಕಟ್ಟುತ್ತದೆ. ಎಲ್ಲರಿಗೂ ಕಟ್ಟುತ್ತದೆ, ಅದು ರೋಗವಲ್ಲ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿಯುತ್ತಾ ಹೋಗುತ್ತದೆ, ಇಂಪ್ಲಾಂಟನ್ನು ಹಿಂಡುತ್ತದೆ. ಇದಕ್ಕೆ ಡಾಕ್ಟರುಗಳು ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ, ಬೇಕರ್ ಗ್ರೇಡ್ ಎಂದು 1ರಿಂದ 4ರವರೆಗೆ ಅಳೆಯುತ್ತಾರೆ. ಗಟ್ಟಿಯಾಗಿ ಆಕಾರ ಕೆಟ್ಟರೆ 3, ನೋವೂ ಸೇರಿದರೆ 4. ನೀವು ಬರೆದದ್ದು ನೋಡಿದರೆ ಆ ಕಡೆಯೇ ಕಾಣುತ್ತದೆ, ಆದರೆ ಕೈಯಿಂದ ಮುಟ್ಟಿ ನೋಡಿದ ಡಾಕ್ಟರೇ ಅದನ್ನು ಹೇಳಬೇಕು. ಫೋನಿನಲ್ಲಿ ರೇಟ್ ಹೇಳಿದವರ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮನ್ನು ನೋಡದೆ ಎರಡೂವರೆ ಲಕ್ಷ ಅಂದವರು ಯಾವ ಆಪರೇಷನ್‌ಗೆ ಅಂದರು?

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಇಂಪ್ಲಾಂಟ್ ಜೀವನಪೂರ್ತಿ ಇರುವ ವಸ್ತು ಅಲ್ಲ ಎಂದು ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಎಫ್‌ಡಿಎ ಸಂಸ್ಥೆಯೇ ಸ್ಪಷ್ಟವಾಗಿ ಹೇಳುತ್ತದೆ, ವರ್ಷ ಕಳೆದಷ್ಟೂ ತೊಂದರೆ ಬರುವ, ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಜಾಸ್ತಿ. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ, ಹೊರಗಿನಿಂದ ಏನೂ ಬದಲಾಗಿರುವುದಿಲ್ಲ. ಅದಕ್ಕೇ ಹಾಕಿಸಿದ 5-6 ವರ್ಷಕ್ಕೆ ಒಮ್ಮೆ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅನ್ನುತ್ತಾರೆ. ನೀವು ಇಷ್ಟು ವರ್ಷದಲ್ಲಿ ಮಾಡಿಸಿದ್ದರ ಬಗ್ಗೆ ಏನೂ ಬರೆದಿಲ್ಲ. ಹಾಗಾದರೆ ಮೊದಲ ಕೆಲಸ ಅದೇ. ಇದಕ್ಕೆ ಪುಣೆಗೆ ಹೋಗಬೇಕಿಲ್ಲ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಇವೆ. ನಿಮ್ಮ ವಯಸ್ಸಿಗೆ ಮ್ಯಾಮೋಗ್ರಾಮ್ ಕೂಡ ಹೇಳಬಹುದು, ಯಂತ್ರದ ಮುಂದೆ ನಿಲ್ಲುವ ಮೊದಲೇ 'ನನಗೆ ಇಂಪ್ಲಾಂಟ್ ಇದೆ' ಎಂದು ಟೆಕ್ನಿಷಿಯನ್‌ಗೆ ಹೇಳಿ. ಅವರು ಒತ್ತುವ ರೀತಿ, ತೆಗೆಯುವ ಚಿತ್ರ ಎರಡೂ ಬೇರೆ ಇರುತ್ತವೆ.

ಇನ್ನೊಂದು. 2013ರಲ್ಲಿ ನಿಮಗೆ ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ, ಎಟಿಎಂ ಕಾರ್ಡಿನಷ್ಟು. ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲಾ ಅದರಲ್ಲಿ ಇರುತ್ತದೆ. ಅತ್ತೆಯ ಕಣ್ಣಿಗೆ ಬೀಳದಿರಲಿ ಅಂತ ಎಲ್ಲೋ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೀರೇನೋ, ಹುಡುಕಿ ತೆಗೆಯಿರಿ. ಯಾಕೆಂದರೆ 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಇಡೀ ಜಗತ್ತಿನಿಂದ ವಾಪಸ್ ತೆಗೆದುಕೊಂಡಿತು. ಅವುಗಳ ಸುತ್ತ ಕಟ್ಟುವ ಪೊರೆಯಲ್ಲಿ ಲಿಂಫೋಮಾ ಎಂಬ ಒಂದು ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡದ್ದೇ ಕಾರಣ. ಹೆದರಬೇಡಿ, ಅಂಥ ಇಂಪ್ಲಾಂಟ್ ಇದ್ದವರೂ ತೊಂದರೆ ಇಲ್ಲದಿದ್ದರೆ ಸುಮ್ನೆ ತೆಗೆಸಬೇಕಿಲ್ಲ ಎಂದೇ ಎಫ್‌ಡಿಎ ಹೇಳಿದೆ. ಆದರೆ ನಿಮಗೆ ತೊಂದರೆ ಇದೆ. ಎಷ್ಟೋ ವರ್ಷದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ, ನೀರು ತುಂಬಿದಂತಾದರೆ, ದಸರಾ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡದೆ ಆ ವಾರದಲ್ಲೇ ತೋರಿಸಿ.

ಈಗ ಏಜೆಂಟ್ ಹೇಳಿದ ದಾರಿ. ಬೇಡವೇ ಬೇಡ. 'ಗಡ್ಡೆ' ಅಂತ ಸುಳ್ಳು ಬರೆಸಿದರೆ ಅದು ಮೋಸದ ಕ್ಲೇಮ್. ಸಿಕ್ಕಿಬಿದ್ದರೆ ನಿಮ್ಮೊಬ್ಬರ ಕ್ಲೇಮ್ ಹೋಗುವುದಲ್ಲ, ಪಾಲಿಸಿಗೇ ಕುತ್ತು ಬರಬಹುದು, ಅದರಲ್ಲಿ ಗಂಡ ಇದ್ದಾರೆ, ಮಗಳು ಇದ್ದಾಳೆ, ಕಂಪನಿಯಲ್ಲಿ ಗಂಡನ ಹೆಸರೂ ಕೆಡುತ್ತದೆ. ಅದಕ್ಕಿಂತ ನನಗೆ ಜಾಸ್ತಿ ಭಯ ಆಗುವುದು ಬೇರೆಯದಕ್ಕೆ. ನಾಳೆ ನಿಮಗೆ 55 ಆದಾಗ ನಿಜವಾಗಿಯೂ ಒಂದು ಗಂಟು ಕೈಗೆ ಸಿಕ್ಕಿತು ಅಂದುಕೊಳ್ಳಿ. ಆವತ್ತಿನ ಡಾಕ್ಟರ್ ಹಳೆಯ ಫೈಲ್ ತೆಗೆದು 'ಮೊದಲೂ ಗಡ್ಡೆ ಇತ್ತು' ಎಂದು ಓದುತ್ತಾರೆ. ನಿಮ್ಮ ದೇಹದ ಕಥೆಯನ್ನೇ ತಪ್ಪಾಗಿ ಬರೆಸಿಡಬೇಡಿ.

ಇನ್ಶೂರೆನ್ಸ್ ನಿಯಮ ಏನನ್ನುತ್ತದೆ ಎಂದು ತಿಳಿದುಕೊಂಡರೆ ನಿಜ ಹೇಳಿಯೇ ಪ್ರಯತ್ನ ಮಾಡಬಹುದು. ನಮ್ಮ ದೇಶದ ಹೆಲ್ತ್ ಪಾಲಿಸಿಗಳಲ್ಲಿ ಎಕ್ಸ್‌ಕ್ಲೂಷನ್ ಕೋಡ್ 08 ಅಂತ ಒಂದು ಸಾಲು ಇರುತ್ತದೆ. ರೂಪ ಬದಲಿಸುವ ಸರ್ಜರಿಗೆ ದುಡ್ಡು ಕೊಡುವುದಿಲ್ಲ ಎಂಬುದು ಅದರ ಮೊದಲ ಅರ್ಧ. ಏಜೆಂಟರು ಹೇಳುವುದು ಅಷ್ಟೇ. ಉಳಿದ ಅರ್ಧದಲ್ಲಿ ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರ ಮರಳಿ ಸರಿಪಡಿಸುವುದಕ್ಕೆ ಮತ್ತು ಆರೋಗ್ಯಕ್ಕೆ ನೇರವಾದ, ಈಗಲೇ ಇರುವ ಅಪಾಯವನ್ನು ತೆಗೆಯಲು ಬೇಕಾದ ಚಿಕಿತ್ಸೆಗೆ ವಿನಾಯಿತಿ ಇದೆ, ಅದು ಅಗತ್ಯ ಎಂದು ಚಿಕಿತ್ಸೆ ಕೊಡುವ ಡಾಕ್ಟರ್ ಬರೆದುಕೊಡಬೇಕು. ನೀವು ಹಿಡಿಯಬೇಕಾದ ಸಾಲು ಇದೇ. ಸ್ಕ್ಯಾನ್ ರಿಪೋರ್ಟ್, ಬೇಕರ್ ಗ್ರೇಡ್, ಒಡೆದಿದ್ದರೆ ಅದರ ವಿವರ, ಎಷ್ಟು ದಿನದಿಂದ ನೋವು, ಎಲ್ಲವನ್ನೂ ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ.

ಆಸ್ಪತ್ರೆಯಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿ, ಇಂಪ್ಲಾಂಟ್ ಮತ್ತು ಪೊರೆ ತೆಗೆಯುವ ಎಸ್ಟಿಮೇಟ್ ಬೇರೆ, ಲಿಫ್ಟ್‌ನ ಎಸ್ಟಿಮೇಟ್ ಬೇರೆ ಕೊಡಿ ಅಂತ. ಒಂದೇ ಪ್ಯಾಕೇಜ್ ಆಗಿ ಬರೆದರೆ ಇನ್ಶೂರೆನ್ಸ್‌ನವರು ಇಡೀ ಕಾಗದಕ್ಕೇ ಕಾಸ್ಮೆಟಿಕ್ ಅಂತ ಗೆರೆ ಎಳೆಯುತ್ತಾರೆ. ಆಪರೇಷನ್‌ಗೆ ಮೊದಲೇ ಪ್ರೀ-ಆಥರೈಸೇಷನ್, ಅಂದರೆ ಮುಂಗಡ ಒಪ್ಪಿಗೆಯ ಕೋರಿಕೆ, ಕಳಿಸಿ ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ನೇರವಾಗಿ ಹೇಳುತ್ತೇನೆ, ಲಿಫ್ಟ್‌ಗೆ ದುಡ್ಡು ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ತೆಗೆಯುವುದಕ್ಕೂ, 'ಮೊದಲು ಹಾಕಿಸಿದ್ದೇ ಅಂದಕ್ಕೆ' ಎಂದು ಇಲ್ಲ ಅನ್ನಬಹುದು. ಇಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಒಂದು ವರ್ಷದ ಒಳಗೆ ಕೊಡಬೇಕು. ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಆಯುಷ್ಮಾನ್ ಕಾರ್ಡಿನ ಆಸೆ ಮಾತ್ರ ಇಟ್ಟುಕೊಳ್ಳಬೇಡಿ, ಅಂದಕ್ಕಾಗಿ ಮಾಡುವ ಸರ್ಜರಿ ಅದರಲ್ಲಿ ಬರುವುದಿಲ್ಲ.

ಎರಡೂವರೆ ಲಕ್ಷದಲ್ಲಿ ಏನೇನು ಸೇರಿದೆ ಎಂದು ಒಂದೊಂದಾಗಿ ಕೇಳಿ. ಅನಸ್ತೇಷಿಯಾ, ಓಟಿ, ರೂಮ್, ಬಿಗಿ ಬ್ರಾ, ಔಷಧಿ, ತೆಗೆದ ಪೊರೆಯನ್ನು ಲ್ಯಾಬಿಗೆ ಕಳಿಸುವ ಖರ್ಚು. ಆ ಪರೀಕ್ಷೆ ಬಿಡಬೇಡಿ. ಅಂದದ ಸರ್ಜರಿಗೆ ಜಿಎಸ್‌ಟಿ ಇದೆ, ಅದು ಎಷ್ಟು, ಹೇಳಿದ ಮೊತ್ತದ ಒಳಗೋ ಹೊರಗೋ ಕೇಳಿ. ಹೊಲಿಗೆ ಬಿಟ್ಟುಕೊಂಡರೆ ಮತ್ತೆ ಓಟಿಗೆ ಹೋಗುವ ಖರ್ಚು ಯಾರದು ಎಂದೂ ಕೇಳಿ. ಡ್ರೆಸ್ಸಿಂಗ್‌ಗೆ ನಾಲ್ಕೈದು ಸಲ ಓಡಾಡುವುದು ಇರುತ್ತದೆ. ಪುಣೆಯಲ್ಲಿ ಹತ್ತು ಸಾವಿರ ಕಡಿಮೆ ಅಂತ ಕಂಡರೂ ಆ ಓಡಾಟದಲ್ಲಿ ಕರಗಿಹೋಗುತ್ತದೆ. ನಾನಾಗಿದ್ದರೆ ಬೆಳಗಾವಿಯಲ್ಲಿ ಒಬ್ಬರನ್ನು, ಇನ್ನೊಂದು ಊರಲ್ಲಿ ಒಬ್ಬರನ್ನು, ಹೀಗೆ ಇಬ್ಬರನ್ನು ನೋಡುತ್ತಿದ್ದೆ. ಬೋರ್ಡಿನಲ್ಲಿ ಕಾಸ್ಮೆಟಿಕ್ ಅಂತ ಇದ್ದರೆ ಸಾಲದು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಪದವಿ ಆಗಿರಬೇಕು. ಇಂಟರ್ನೆಟ್ಟಿನಲ್ಲಿ 'ಎನ್ ಬ್ಲಾಕ್' ಅಂತ, ಪೊರೆಯ ಸಮೇತ ಇಡಿಯಾಗಿ ತೆಗೆಸಲೇಬೇಕು ಎಂದು ಹೆದರಿಸುವವರು ತುಂಬಾ ಇದ್ದಾರೆ. ಆ ಲಿಂಫೋಮಾ ಇದ್ದರೆ ಅದು ಬೇಕೇ ಬೇಕು. ಉಳಿದವರಿಗೆಲ್ಲ ಬೇಕಂತಿಲ್ಲ. ಪೊರೆ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಹಟ ಹಿಡಿದು ಕೀಳುವುದರಲ್ಲಿ ಶ್ವಾಸಕೋಶದ ಕಡೆ ಅಪಾಯವೂ ಇದೆ.

ಜೋತುಬೀಳುವ ಭಯಕ್ಕೆ ಬರೋಣ. ಹೌದು, ಸ್ವಲ್ಪ ಬೀಳುತ್ತದೆ. ಎಷ್ಟು ಅನ್ನುವುದು ಇಂಪ್ಲಾಂಟಿನ ಅಳತೆ, ನಿಮ್ಮ ಚರ್ಮ, ನಿಮ್ಮದೇ ಮಾಂಸ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಹೋಗುತ್ತದೆ. ಲಿಫ್ಟ್ ಅಂದರೆ ಹೆಚ್ಚಾದ ಚರ್ಮ ಕತ್ತರಿಸಿ, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುವುದು. ಗುರುತು ಉಳಿಯುತ್ತದೆ, ತೊಟ್ಟಿನ ಸುತ್ತ, ಅಲ್ಲಿಂದ ಕೆಳಗೆ ಒಂದು ಗೆರೆ, ಕೆಲವರಿಗೆ ಕೆಳಮಡಿಕೆಯಲ್ಲೂ ಒಂದು. ವರ್ಷದಲ್ಲಿ ಮಸುಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ತೊಟ್ಟಿಗೆ ರಕ್ತ ಹರಿಯುವ ದಾರಿ ಕಿರಿದಾಗುತ್ತದೆ, ಅದಕ್ಕೇ ಕೆಲವು ಸರ್ಜನ್‌ಗಳು ಮೊದಲು ತೆಗೆದು, ಕೆಲವು ತಿಂಗಳು ಚರ್ಮ ತಾನಾಗಿ ಎಷ್ಟು ಬಿಗಿಯುತ್ತದೆ ನೋಡಿ, ಆಮೇಲೆ ಬೇಕಿದ್ದರೆ ಲಿಫ್ಟ್ ಮಾಡುತ್ತಾರೆ. ಎರಡು ಸಲ ಅನಸ್ತೇಷಿಯಾ, ಒಟ್ಟು ಖರ್ಚೂ ಜಾಸ್ತಿ. ಆದರೆ ಇವತ್ತೇ ಎರಡೂವರೆ ಲಕ್ಷ ಹೊಂದಿಸುವ ಒತ್ತಡ ಇರುವುದಿಲ್ಲ, ಎಷ್ಟೋ ಹೆಂಗಸರು ನೋವು ಹೋದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡು ಇಷ್ಟು ಸಾಕು ಅಂದುಕೊಂಡದ್ದೂ ಇದೆ. ನಿಮಗೆ ಸಾಕು ಅನಿಸದಿದ್ದರೆ ಅದೂ ತಪ್ಪಲ್ಲ. ಒಂದು ವಿಷಯ ಮುಚ್ಚಿಡಬೇಡಿ, ನಮ್ಮ ಕಡೆ ಬೆಳಿಗ್ಗೆ ಹಲ್ಲಿಗೆ ಮಿಶ್ರಿ ತಿಕ್ಕುವ ಹೆಂಗಸರು ಇದ್ದಾರೆ. ಅದೂ ತಂಬಾಕೇ. ರೂಢಿ ಇದ್ದರೆ ಸರ್ಜನ್‌ಗೆ ಹೇಳಿ, ಅವರು ಹೇಳಿದಷ್ಟು ವಾರ ಮೊದಲೇ ಬಿಡಿ. ತಂಬಾಕಿನಿಂದ ಸಣ್ಣ ರಕ್ತನಾಳ ಮುದುಡಿ ಗಾಯ ಮಾಯುವುದಿಲ್ಲ.

ಬೆಳಗಾವಿಯಲ್ಲಿ ನನ್ನ ಗೆಳತಿಯೊಬ್ಬಳು ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡಾಗ ನಾನು ಜೊತೆಗಿದ್ದೆ. ಎರಡೂ ಕಡೆ ಸಣ್ಣ ನಳಿಕೆ, ತುದಿಯಲ್ಲಿ ನೀರು ಇಳಿಯುವ ಪ್ಲಾಸ್ಟಿಕ್ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದು ನಡೆಯಲು ಸಂಕೋಚ ಅಂತ ಉಳಿದ ಬ್ಲೌಸ್ ಪೀಸಿನಲ್ಲಿ ಎರಡು ಪುಟ್ಟ ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ಸಂಜೆ ಎಷ್ಟು ಎಂಎಲ್ ಅಂತ ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ನಾನು ಬರೆಯುತ್ತಿದ್ದೆ. ಕೈ ಮೇಲೆತ್ತಲು ಆಗುವುದಿಲ್ಲ, ಮುಂದೆ ಗುಂಡಿ ಇರುವ ನೈಟಿ ನಾಲ್ಕು ಹೊಲಿಸಿಡಿ. ಮುಖ್ಯವಾಗಿ ರೊಟ್ಟಿ. ಜೋಳದ ರೊಟ್ಟಿ ಬಡಿಯುವಾಗ ಎದೆಯ ಸ್ನಾಯು ಎಷ್ಟು ಎಳೆಯುತ್ತದೆ ಅಂತ ಆಗಲೇ ನಮಗೆ ಗೊತ್ತಾದದ್ದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರೊಟ್ಟಿ ಬಡಿಯುವುದು, ಕೊಡ ಎತ್ತುವುದು ಇಲ್ಲ. ಖಡಕ್ ರೊಟ್ಟಿ ಮಾಡಿ ಮಾರುವವರು ನವನಗರದಲ್ಲೂ ಸಿಗುತ್ತಾರೆ, ಈಗಲೇ ಹೇಳಿಡಿ.

ಗಂಡನ ಮಾತು ನಿಮಗೆ ಚುಚ್ಚಿದೆ, ಚುಚ್ಚುವ ಮಾತೇ ಅದು. ಆದರೂ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪರದೆಯ ಮೇಲೆ ಸ್ಕ್ಯಾನ್ ತೋರಿಸಿ ಡಾಕ್ಟರ್ ಹೇಳಿದಾಗ ಕೇಳುವ ಕಿವಿಯೇ ಬೇರೆ. ಅತ್ತೆಗೆ 2013ರಿಂದ ಕಥೆ ಹೇಳಬೇಕಿಲ್ಲ, 'ಎದೆಯಲ್ಲಿ ನೋವಿದೆ, ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿಲ್ಲ, ಆಪರೇಷನ್ ಬೇಕಂತೆ' ಅಂದರೆ ಸಾಕು, ಅದರಲ್ಲಿ ಸುಳ್ಳೂ ಇಲ್ಲ.

ಪಾಟಲಿ ಈಗ ಮಾರಬೇಡಿ. ನನ್ನ ಅಭಿಪ್ರಾಯ ಇಷ್ಟು, ನೋವು ತೆಗೆಸುವ ಖರ್ಚು ಮನೆಯದು. ಅತ್ತೆಯ ಮೊಣಕಾಲಿಗೆ ಹೇಗೆ ಮನೆಯ ದುಡ್ಡು ಹೋಯಿತೋ ಹಾಗೆ. ಆ ಮಾತು ಗಂಡನ ಮುಂದೆ ಜಗಳವಾಡದೆ, ಅಳದೆ, ಎಸ್ಟಿಮೇಟ್ ಕಾಗದ ಮುಂದಿಟ್ಟು ಹೇಳಿ. ಮುಂದೆ ಲಿಫ್ಟ್ ಬೇಕೇ ಬೇಕು ಅನಿಸಿದರೆ ಪಾಟಲಿ ಮೇಲೆ ಸಾಲ ತೆಗೆಯಿರಿ, ಬಡ್ಡಿ ಎಷ್ಟು ಎಂದು ಎರಡು ಬ್ಯಾಂಕಿನಲ್ಲಿ ಕೇಳಿ. ತವರಿನಿಂದ ಬಂದದ್ದು ನಿಮ್ಮದು, ಯಾರ ಅಪ್ಪಣೆಯೂ ಬೇಕಿಲ್ಲ.

ಈ ವಾರ ಕಾರ್ಡ್ ಹುಡುಕಿ, ಸ್ಕ್ಯಾನ್‌ಗೆ ದಿನ ಗೊತ್ತು ಮಾಡಿಕೊಳ್ಳಿ, ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ. ಅಲ್ಲಿಯವರೆಗೆ ಮಗಳಿಗೆ 'ಅಮ್ಮನಿಗೆ ಬಲಗಡೆ ನೋವು, ನೀನು ಎಡಗಡೆಯಿಂದ ಬಾ' ಅಂತ ಹೇಳಿ. ಹತ್ತು ವರ್ಷದ ಹುಡುಗಿಗೆ ಅಷ್ಟು ತಿಳಿಯುತ್ತದೆ.