ಈ ಕತೆ ಬರೆದವರಿಗೆ ಇದೆಲ್ಲ ಹೇಗೆ ಗೊತ್ತಾಯಿತು?

ಈ ಸಲ ಬಂದ ಪತ್ರಗಳಲ್ಲಿ ಯುದ್ಧದ ಪುಸ್ತಕಗಳ ಬಗ್ಗೆ ಕೇಳಿದವರೇ ಜಾಸ್ತಿ. ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೂಡಿಗೆರೆ ಕಡೆಯ ಓದುಗರೊಬ್ಬರು: ಮೇಡಂ, ಹೈಸ್ಕೂಲಿನಲ್ಲಿದ್ದಾಗ ತೇಜಸ್ವಿಯವರ ‘ಮಹಾಪಲಾಯನ’ವನ್ನು ರಾತ್ರಿಯೆಲ್ಲ ಕೂತು ಓದಿದ್ದೆ. ಈಗ ಮಗನಿಗೆ ಕೊಡಿಸಿದರೆ ಅವನು ನೆಟ್‌ನಲ್ಲಿ ನೋಡಿ ‘ಅಪ್ಪಾ, ಇದು ಸುಳ್ಳಂತೆ’ ಅಂತಾನೆ. ನಿಜಾನಾ?

ನಿಮ್ಮ ಮಗ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಪೂರ್ತಿ ಕೇಳಿ, ಇದು ಸ್ವಲ್ಪ ಉದ್ದದ ಕತೆ.

ಮೂಲ ಇಂಗ್ಲಿಷ್ ಪುಸ್ತಕ ಬಂದಿದ್ದು 1956ರಲ್ಲಿ. ಪೋಲೆಂಡ್ ಸೇನೆಯಲ್ಲಿದ್ದ ಸ್ಲಾವೊಮಿರ್ ರಾವಿಜ್ ತನ್ನ ಅನುಭವ ಅಂತ ಹೇಳಿದ್ದನ್ನು ರೊನಾಲ್ಡ್ ಡೌನಿಂಗ್ ಎನ್ನುವ ಇಂಗ್ಲಿಷ್ ಪತ್ರಕರ್ತ ಬರೆದುಕೊಟ್ಟ. 1941ರಲ್ಲಿ ಸೈಬೀರಿಯಾದ ಸೆರೆ ಶಿಬಿರದಿಂದ ಏಳು ಜನ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ಎಲ್ಲವನ್ನೂ ನಡೆದೇ ದಾಟಿ, ಕೊನೆಗೆ ನಾಲ್ಕು ಜನ ಭಾರತ ಮುಟ್ಟಿದರು ಅನ್ನುವ ಕತೆ. ಅದರಲ್ಲಿ ಯೇತಿ ಅನ್ನುವ ಹಿಮಮಾನವನಂಥ ಎರಡು ಪ್ರಾಣಿಗಳು ಕಂಡವು ಅಂತಲೂ ಇದೆ, ಆಗಲೇ ಕೆಲವರಿಗೆ ಅನುಮಾನ ಬಂದಿತ್ತು. 2006ರಲ್ಲಿ ಬಿಬಿಸಿ ರೇಡಿಯೋದವರು ಹಳೆಯ ಸೋವಿಯತ್ ಕಡತಗಳನ್ನು ಹುಡುಕಿಸಿದಾಗ ವಿಷಯ ಹೊರಗೆ ಬಂತು. ರಾವಿಜ್ ತಪ್ಪಿಸಿಕೊಂಡು ಬಂದವನಲ್ಲ. 1942ರಲ್ಲಿ ಕ್ಷಮಾದಾನದ ಮೇಲೆ ಅವನನ್ನು ಬಿಟ್ಟಿದ್ದರು. ಹಾಗಂತ ಅವನದೇ ಕೈಬರಹದ ದಾಖಲೆಯೂ ಸಿಕ್ಕಿತು. ಅಲ್ಲಿಂದ ಅವನು ಪೋಲಿಷ್ ಸೇನೆ ಸೇರಿ ಇರಾನ್ ಕಡೆಗೆ ಹೋದ. ಮುಂದೆ ಇನ್ನೊಬ್ಬ ಪೋಲೆಂಡಿನವನು ‘ಆ ನಡಿಗೆ ನಂದು’ ಅಂತ ಮುಂದೆ ಬಂದ, ಅವನ ಮಾತಿಗೂ ಗಟ್ಟಿ ಸಾಕ್ಷಿ ಸಿಗಲಿಲ್ಲ.

ತೇಜಸ್ವಿ ಇದನ್ನು ಕನ್ನಡಕ್ಕೆ ತಂದಾಗ ಈ ಕಡತಗಳು ಹೊರಗೆ ಬಂದಿರಲಿಲ್ಲ. ಅವರ ಕನ್ನಡಕ್ಕೆ ಇದರಿಂದ ಏನೂ ಕುಂದಿಲ್ಲ. ಆದರೆ ಇನ್ನು ಮುಂದಿನ ಮುದ್ರಣಗಳಲ್ಲಿ ಎರಡು ಪುಟದ ಮುನ್ನುಡಿ ಹಾಕಿ ಇಷ್ಟನ್ನು ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಓದುವ ಹುಡುಗರು ಅದನ್ನು ಇತಿಹಾಸ ಅಂತಲೇ ನಂಬಿ ಓದುತ್ತಾರೆ, ಅಲ್ವಾ?

ನಿಮ್ಮ ಮಗನಿಗೆ ಇನ್ನೊಂದು ವಿಷಯ ಹೇಳಿ. ಕತೆ ಸುಳ್ಳಾದರೂ ಅದರ ಹಿಂದಿನ ಸಂಕಟ ಸುಳ್ಳಲ್ಲ. ಸ್ಟಾಲಿನ್ ಕಾಲದಲ್ಲಿ ಲಕ್ಷಗಟ್ಟಲೆ ಪೋಲೆಂಡಿನವರನ್ನು ಸೈಬೀರಿಯಾಕ್ಕೂ ಮಧ್ಯ ಏಷ್ಯಾಕ್ಕೂ ಸಾಗಿಸಿದ್ದು ನಿಜ. 1941ರಲ್ಲಿ ಜರ್ಮನಿ ರಷ್ಯಾದ ಮೇಲೆ ಬಿದ್ದ ಮೇಲೆ ಸ್ಟಾಲಿನ್‌ಗೆ ಜೊತೆಗಾರರು ಬೇಕಾದರು, ಆಗ ಇವರನ್ನು ಬಿಡುಗಡೆ ಮಾಡಿದ. ಹಾಗೆ ಹೊರಬಿದ್ದವರಲ್ಲಿ ಸಾವಿರಾರು ಹೆಂಗಸರು ಮಕ್ಕಳು ಇರಾನ್ ಮೂಲಕ ಭಾರತಕ್ಕೇ ಬಂದರು. ಒಂದಷ್ಟು ಮಕ್ಕಳನ್ನು ಜಾಮ್‌ನಗರದ ರಾಜರು ಬಾಲಾಚಡಿಯಲ್ಲಿ ಇಟ್ಟುಕೊಂಡು ಸಾಕಿದರು. ಇನ್ನೂ ದೊಡ್ಡ ಶಿಬಿರ ಇದ್ದದ್ದು ನಮ್ಮ ಬೆಳಗಾವಿಯಿಂದ ಹೆಚ್ಚು ದೂರವಿಲ್ಲದ ಕೊಲ್ಲಾಪುರದ ಹತ್ತಿರದ ವಳಿವಡೆಯಲ್ಲಿ. ಸುಮಾರು 5,000 ಜನ 1943ರಿಂದ ಐದು ವರ್ಷ ಅಲ್ಲೇ ಶಾಲೆ, ಚರ್ಚು, ಅಂಗಡಿ ಕಟ್ಟಿಕೊಂಡು ಬದುಕಿದರು. ಈ ನಿಜವಾದ ಮಹಾಪಲಾಯನದ ಬಗ್ಗೆ ಯಾರಾದರೂ ಕನ್ನಡದಲ್ಲಿ ಒಂದು ಪೂರ್ತಿ ಪುಸ್ತಕ ಬರೆಯಬೇಕು. ಬೆಳಗಾವಿ, ನಿಪ್ಪಾಣಿ ಕಡೆಯ ಯಾರಾದರೂ ಬರೆದರೆ ಮೊದಲ ಪ್ರತಿ ನನಗಿರಲಿ.

ಹುಬ್ಬಳ್ಳಿಯ ಬಿ.ಎ. ವಿದ್ಯಾರ್ಥಿನಿ: ಮಿಲಿಟರಿ ಇತಿಹಾಸದ ಹೊಸ ಪುಸ್ತಕಗಳು ವಾರಕ್ಕೊಂದು ಬರುತ್ತಿವೆ, ಬೆಲೆ ನೋಡಿದರೆ ಹೆದರಿಕೆ. ಯಾವುದು ಒಳ್ಳೆಯದು ಅಂತ ಕೊಳ್ಳುವ ಮೊದಲೇ ತಿಳಿಯೋದು ಹೇಗೆ ಅಕ್ಕಾ?

ಅಂಗಡಿಯಲ್ಲಿ ನಿಂತಾಗ ಮುಖಪುಟದ ಟ್ಯಾಂಕ್, ಬೆಂಕಿ ಎಲ್ಲ ಬಿಟ್ಟು ಪುಸ್ತಕದ ಕೊನೆಯ ಪುಟಗಳಿಗೆ ಹೋಗಿ. ಬರೆದವರು ಯಾವ ಕಡತ ನೋಡಿದರು, ಯಾರನ್ನು ಮಾತಾಡಿಸಿದರು, ಎದುರು ಪಕ್ಷದವರ ಕಾಗದ ಪತ್ರ ಏನಾದರೂ ಮುಟ್ಟಿದ್ದಾರಾ, ಇಷ್ಟು ನೋಡಿ. ಆಮೇಲೆ ನಕ್ಷೆ. ಪಠ್ಯದಲ್ಲಿ ಬರುವ ಬೆಟ್ಟ, ಹೊಳೆ, ಊರು ನಕ್ಷೆಯಲ್ಲಿ ಇಲ್ಲ ಅಂದರೆ ಪುಸ್ತಕ ಕೆಳಗಿಡಿ. ನಕ್ಷೆ ಇಲ್ಲದೆ ಯುದ್ಧದ ಪುಸ್ತಕ ಓದೋದು ದೊಡ್ಡ ಶಿಕ್ಷೆ.

ಒಂದೇ ಯುದ್ಧದ ಬಗ್ಗೆ ಎರಡು ಬೇರೆ ದಿಕ್ಕಿನ ಪುಸ್ತಕ ಓದುವುದು ಇನ್ನೂ ಒಳ್ಳೆಯದು. 1962ರ ಚೀನಾ ಯುದ್ಧವನ್ನೇ ತೆಗೆದುಕೊಳ್ಳಿ. ‘ಹಿಮಾಲಯನ್ ಬ್ಲಂಡರ್’ ಬರೆದ ಬ್ರಿಗೇಡಿಯರ್ ಜಾನ್ ದಳವಿ ನಾಮ್ಕಾ ಚು ಹೊಳೆಯ ದಡದಲ್ಲಿ 7ನೇ ಬ್ರಿಗೇಡನ್ನು ನಡೆಸಿದವರು, ಆ ಯುದ್ಧದಲ್ಲೇ ಚೀನೀಯರ ಕೈಗೆ ಸೆರೆ ಸಿಕ್ಕವರು. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದಿದ್ದರಿಂದ ನಮ್ಮಲ್ಲಿ ಅದು ಮನೆಮಾತಾಯಿತು. ಆ ಪುಸ್ತಕದಲ್ಲಿ ಚಳಿ, ಕಡಿಮೆ ಬಿದ್ದ ಗುಂಡು, ದಿಲ್ಲಿಯಿಂದ ಬಂದ ತಲೆಬುಡವಿಲ್ಲದ ಆಜ್ಞೆ ಎಲ್ಲ ಕಣ್ಣಿಗೆ ಕಟ್ಟುತ್ತದೆ, ಅವರ ಸಿಟ್ಟೂ ಪುಟಪುಟಕ್ಕೆ ತಾಗುತ್ತದೆ. ದಳವಿಯವರ ಇಂಗ್ಲಿಷ್ ಪುಸ್ತಕ ಬಂದ ಮರುವರ್ಷ, 1970ರಲ್ಲಿ, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ದಿಲ್ಲಿಯಿಂದ ವರದಿ ಮಾಡುತ್ತಿದ್ದ ನೆವಿಲ್ ಮ್ಯಾಕ್ಸ್‌ವೆಲ್ ಬರೆದ ಪುಸ್ತಕ ತಪ್ಪನ್ನು ಹೆಚ್ಚಾಗಿ ನೆಹರೂ ಸರ್ಕಾರದ ಮೇಲೇ ಹಾಕುತ್ತದೆ. ನನಗೆ ಅವರ ವಾದ ಚೀನಾದ ಕಡೆ ಜಾಸ್ತಿ ವಾಲಿದೆ ಅನ್ನಿಸುತ್ತದೆ, ಆದರೂ ಓದದೆ ಬಿಡಬೇಡಿ. ಸೋಲಿನ ತನಿಖೆ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಅವರು ನೋಡಿದ್ದರು, 2014ರಲ್ಲಿ ಅದರ ಒಂದು ಭಾಗವನ್ನು ನೆಟ್‌ನಲ್ಲಿ ಹಾಕಿಯೂಬಿಟ್ಟರು. ಆ ವರದಿಯನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದು ಸತ್ತ ಸೈನಿಕರಿಗೆ ಮಾಡಿದ ಅನ್ಯಾಯ ಅಂತ ನಾನು ಯಾವಾಗಲೂ ಹೇಳುತ್ತೇನೆ.

ಹೊಸಬರಲ್ಲಿ ಶ್ರೀನಾಥ್ ರಾಘವನ್ ಅವರಿಂದ ಶುರುಮಾಡಿ. ಎರಡನೇ ಮಹಾಯುದ್ಧದಲ್ಲಿ ಭಾರತದ ಪಾಲಿನ ಬಗ್ಗೆ 2016ರಲ್ಲಿ ಅವರ ದಪ್ಪ ಪುಸ್ತಕ ಬಂತು. ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಸೇನೆ 25 ಲಕ್ಷ ಜನರದ್ದಾಗಿತ್ತು. ಅಷ್ಟು ಜನಕ್ಕೆ ಅನ್ನ, ಬಟ್ಟೆ, ಸಂಬಳ ಎಲ್ಲಿಂದ ಬಂತು, ಅದಕ್ಕಾಗಿ ಊರಿನ ಜನ ಏನು ತೆತ್ತರು ಅನ್ನುವುದನ್ನೂ ಅವರು ಬಿಡದೆ ಹೇಳುತ್ತಾರೆ. ಬರೀ ಗುಂಡಿನ ಸದ್ದು ಬೇಕು ಅನ್ನುವವರಿಗೆ ಅದು ನಿಧಾನ ಅನ್ನಿಸಬಹುದು, ನಿಮಗೆ ಹಿಡಿಸುತ್ತದೆ. ಬೆಲೆಯ ಮಾತಿಗೆ ಬಂದರೆ, ಕಾಲೇಜು ಲೈಬ್ರರಿಯಲ್ಲಿ ಬೇಡಿಕೆ ಬರೆದುಕೊಡಿ. ಒಬ್ಬರೇ ಕೇಳಿದರೆ ತರಿಸುವುದಿಲ್ಲ, ಐದಾರು ಜನ ಸೇರಿ ಕೇಳಿ.

ಮಂಡ್ಯದಿಂದ: ಮೈಸೂರು ಲ್ಯಾನ್ಸರ್ಸ್‌ನವರು ಬರೀ ಕತ್ತಿ ಈಟಿ ಹಿಡಿದು ಒಬ್ಬರೇ ಇಸ್ರೇಲಿನ ಹೈಫಾ ಗೆದ್ದರು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಪುಸ್ತಕಗಳು ಏನು ಹೇಳುತ್ತವೆ?

ಗೆದ್ದಿದ್ದು ನಿಜ, ಒಬ್ಬರೇ ಗೆದ್ದಿದ್ದು ಅಲ್ಲ. ಆಗ ಇಸ್ರೇಲ್ ಅನ್ನುವ ದೇಶವೂ ಇರಲಿಲ್ಲ, ಊರು ತುರ್ಕರ ಕೈಯಲ್ಲಿತ್ತು. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರವಾಗಿ ಊರಿನ ಮೇಲೆ ನೇರ ನುಗ್ಗಿದವರು ಜೋಧಪುರದ ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ಸೈನಿಕರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನವರದು, ಜೊತೆಗೆ ಇಂಗ್ಲಿಷರ ಶೆರ್ವುಡ್ ರೇಂಜರ್ಸ್‌ನ ಒಂದು ತುಕಡಿ. ಆ ತೋಪುಗಳು ಹಾಗೇ ಇದ್ದಿದ್ದರೆ ಕೆಳಗೆ ಬಯಲಿನಲ್ಲಿ ಕುದುರೆ ಓಡಿಸುವವರ ಗತಿ ಏನಾಗುತ್ತಿತ್ತು ಯೋಚಿಸಿ! ಬೆಟ್ಟ ಹತ್ತಿದವರ ಪಾಲು ಚಿಕ್ಕದಲ್ಲ. ಆ ದಿನ ಸುಮಾರು 1,350 ಜನ ಸೆರೆ ಸಿಕ್ಕರು, ನಮ್ಮ ಕಡೆ ಸತ್ತವರು ಎಂಟು ಜನ. ಕುದುರೆಗಳು ಅದಕ್ಕಿಂತ ಎಷ್ಟೋ ಜಾಸ್ತಿ ಸತ್ತವು, ಫಾರ್ವರ್ಡ್ ಮೆಸೇಜುಗಳಲ್ಲಿ ಅವುಗಳ ಸುದ್ದಿಯೇ ಇರುವುದಿಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಹೋಗಿ ನೋಡಿ. ದಿಲ್ಲಿಯ ತೀನ್ ಮೂರ್ತಿ ಅಂದರೂ ಇವರಿದ್ದ ಬ್ರಿಗೇಡಿನ ನೆನಪು, ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಸಂಸ್ಥಾನಗಳ ಸೈನಿಕರ ಪ್ರತಿಮೆ.

ದಾವಣಗೆರೆಯಿಂದ: ಯುದ್ಧ ಬಿಟ್ಟು ಬೇರೆ ಏನಾದರೂ ಹೇಳಿ ಮೇಡಂ. ಹೊಸ ಕತೆ, ಕಾದಂಬರಿ?

ಬಾನು ಮುಷ್ತಾಕ್ ಅವರ ಕತೆಗಳನ್ನು ಕನ್ನಡದಲ್ಲೇ ಓದಿ. ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಎಲ್ಲರೂ ಇಂಗ್ಲಿಷಿನದ್ದನ್ನೇ ಹುಡುಕುತ್ತಿದ್ದಾರೆ, ಹಾಸನದ ಮಾತಿನ ರುಚಿ ಮೂಲದಲ್ಲೇ ಇದೆ. ಕಾದಂಬರಿ ಬೇಕಾದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರದ್ದು, ಆದರೂ ಓದದವರಿಗೆ ಹೊಸದೇ. ಲಿಸ್ಬನ್ನಿಗೂ ವಿಜಯನಗರಕ್ಕೂ ಒಂದೇ ಕತೆಯಲ್ಲಿ ಗಂಟು ಹಾಕಿದ್ದಾರೆ.

ಶಿವಮೊಗ್ಗದ ತಾಯಿಯೊಬ್ಬರು: ಏಳನೇ ಕ್ಲಾಸಿನ ಮಗಳಿಗೆ ಯುದ್ಧದ ಪುಸ್ತಕ ಅಂದರೆ ಪ್ರಾಣ. ನನಗೆ ಭಯ. ಕೊಡಬಹುದಾ?

ಧಾರಾಳವಾಗಿ ಕೊಡಿ. ತೇಜಸ್ವಿಯವರ ಮಿಲೆನಿಯಂ ಮಾಲೆಯಲ್ಲಿ ‘ಮಹಾಯುದ್ಧ’ ಇದೆ, ಆ ವಯಸ್ಸಿಗೆ ಸರಿಹೊಂದುತ್ತದೆ. ಜೊತೆಗೆ ಕೂತು ನೀವೂ ಓದಿ, ಸತ್ತವರ ಲೆಕ್ಕ ಬಂದ ಕಡೆ ಸ್ವಲ್ಪ ನಿಂತು ಮಾತಾಡಿ, ಅಷ್ಟು ಸಾಕು. ಪುಸ್ತಕದ ಆಚೆಗೂ ಕರೆದುಕೊಂಡು ಹೋಗಿ. ನಿಮ್ಮ ಜಿಲ್ಲೆಯ ನಗರ ಅನ್ನುವ ಊರಿನಲ್ಲೇ 2018ರಲ್ಲಿ ಒಂದು ಹಾಳು ಬಾವಿ ಅಗೆದಾಗ ಹೈದರ್, ಟಿಪ್ಪು ಕಾಲದ ಸಾವಿರ ರಾಕೆಟ್ ಸಿಕ್ಕವು, ಅಲ್ವಾ? ಇಂಗ್ಲಿಷರು ಇಂಥವನ್ನೇ ನೋಡಿ ತಮ್ಮ ರಾಕೆಟ್ ತಯಾರಿಸಿದರು.

ಬೆಂಗಳೂರಿಗೆ ಬಂದರೆ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ ಆತಕೂರಿನ ಕಲ್ಲು ತೋರಿಸಿ. 10ನೇ ಶತಮಾನದ್ದು. ರಾಷ್ಟ್ರಕೂಟರ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಚೆನ್ನಾಗಿ ಕಾದಿದ ಮಣಲೆರನಿಗೆ ‘ಏನು ಬೇಕು ಕೇಳು’ ಅಂದರೆ ಅವನು ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು, ಅದಕ್ಕೆ ಕಲ್ಲು ನಿಲ್ಲಿಸಿದರು. ದೊಡ್ಡ ಯುದ್ಧವೂ ಒಂದು ನಾಯಿಯೂ ಒಂದೇ ಕಲ್ಲಿನಲ್ಲಿ ಇವೆ. ನಾಯಿ ಮತ್ತು ಹಂದಿಯ ಚಿತ್ರ ಕಲ್ಲಿನ ಮೇಲೇ ಇದೆ, ಮಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಾವಿ ಜಿಲ್ಲೆಯ ನಿವೃತ್ತ ಹವಾಲ್ದಾರರು: ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದೆ. ಪುಸ್ತಕ ಬರೀಬೇಕು ಅಂತ ಆಸೆ. ಇಂಗ್ಲಿಷ್ ಬರೋದಿಲ್ಲ, ದೊಡ್ಡ ಆಫೀಸರ್ ಅಲ್ಲ. ನಮ್ಮದು ಯಾರಿಗೆ ಬೇಕ್ರಿ?

ನನಗೆ ಬೇಕು ಸರ್. ಈ ತಿಂಗಳ ಎಲ್ಲ ಪತ್ರಗಳಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು ನಿಮ್ಮದೇ. ಕನ್ನಡದಲ್ಲಿ ಯುದ್ಧದ ಪುಸ್ತಕ ಅಂದರೆ ಹೆಚ್ಚಿನವು ಅನುವಾದ, ಇಲ್ಲವೇ ದೂರದಿಂದ ನೋಡಿ ಬರೆದವು. ಬಂಕರಿನಲ್ಲಿ ಕೂತಿದ್ದ ಕನ್ನಡಿಗ ಜವಾನ ಸ್ವತಃ ಬರೆದಿದ್ದು ಬೆರಳೆಣಿಕೆಯಷ್ಟೂ ನನ್ನ ಕೈಗೆ ಸಿಕ್ಕಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಅವರ ಜೀವನಚರಿತ್ರೆಗಳಿವೆ, ಸಂತೋಷ. 1948ರ ನವೆಂಬರಿನಲ್ಲಿ ತಿಮ್ಮಯ್ಯ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು ನಮಗೆಲ್ಲ ಗೊತ್ತು. ಆ ಹಿಮದಲ್ಲಿ ಟ್ಯಾಂಕಿಗೆ ದಾರಿ ಕಡಿದವರಿಗೆ ಊಟಕ್ಕೆ ಏನಿತ್ತು, ಕಾಲಿಗೆ ಏನು ಹಾಕಿದ್ದರು, ಅದನ್ನು ಯಾರು ಹೇಳಬೇಕು?

ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ನಮ್ಮ ಸಿಪಾಯಿಗಳು ಮನೆಗೆ ಬರೆದ ಕಾಗದಗಳನ್ನು ಬ್ರಿಟಿಷರು ಒಡೆದು ಓದಿ, ಬೇಕಾದ ಭಾಗ ಇಂಗ್ಲಿಷಿಗೆ ಮಾಡಿ ಇಟ್ಟುಕೊಳ್ಳುತ್ತಿದ್ದರು. ಕಾವಲಿಗೆ ಅಂತ ಮಾಡಿದ ಆ ಕೆಲಸ ಇವತ್ತು ದೊಡ್ಡ ಆಸ್ತಿ. ಡೇವಿಡ್ ಒಮಿಸ್ಸಿ 1999ರಲ್ಲಿ ಅವನ್ನು ಆರಿಸಿ ಪುಸ್ತಕ ಮಾಡಿದರು. ಮಳೆಯಂತೆ ಬೀಳುವ ಗುಂಡು, ಚಳಿ, ಮನೆಯ ಚಿಂತೆ, ಊರಿನ ಬೆಳೆ, ಎಲ್ಲ ಅವರದೇ ಬಾಯಿಂದ ಬರುತ್ತದೆ. ಜನರಲ್‌ಗಳ ಆತ್ಮಕತೆಯಲ್ಲಿ ಇದು ಸಿಗುವುದಿಲ್ಲ.

ಹೀಗೆ ಮಾಡಿ. ನಿಮ್ಮ ಡಿಸ್ಚಾರ್ಜ್ ಬುಕ್ ತೆಗೆದಿಟ್ಟುಕೊಳ್ಳಿ, ಪೋಸ್ಟಿಂಗ್‌ಗಳ ತಾರೀಕು ಅದರಲ್ಲಿ ಸಿಗುತ್ತದೆ. ಮನೆಯಲ್ಲಿ ಹಳೆಯ ಇನ್‌ಲ್ಯಾಂಡ್ ಲೆಟರ್ ಉಳಿದಿದ್ದರೆ ಎಸೆಯಬೇಡಿ. ವಿಳಾಸದಲ್ಲಿ ಊರಿನ ಹೆಸರಿಲ್ಲದೆ ಬರೀ ಸೇನೆಯ ಅಂಚೆಯ 56 ಎ.ಪಿ.ಒ. ಅಂತಿದ್ದರೂ ಒಳಗಿನ ಮಾತು ನಿಮ್ಮ ನೆನಪನ್ನು ತಿದ್ದುತ್ತದೆ. ಜೊತೆಗಿದ್ದವರಿಗೆ ಫೋನ್ ಮಾಡಿ, ಅವರ ನೆನಪು ಬೇರೆ ಇದ್ದರೆ ಎರಡನ್ನೂ ಬರೆಯಿರಿ. ಶುರು ಮಾಡುವಾಗ ಕಾಳಗದಿಂದ ಬೇಡ. ಸೇನೆಯ ಅಡುಗೆಮನೆ ಲಂಗರಿನ ಊಟ, ರಾತ್ರಿ ಪಹರೆ, ರಜೆ ಸಿಕ್ಕಾಗ ರೈಲಿನಲ್ಲಿ ಸೀಟು ಸಿಗದೆ ಬಂದಿದ್ದು, ಅಂಥದ್ದರಿಂದ ಶುರುಮಾಡಿ. ಬೆಳಗಾವಿ ಮಾತಿನಲ್ಲೇ ಬರೆಯಿರಿ, ಬೆಂಗಳೂರು ಕನ್ನಡಕ್ಕೆ ತಿದ್ದಲು ಹೋಗಬೇಡಿ.

ಒಂದು ಎಚ್ಚರಿಕೆ. ಈಗಲೂ ಸೇನೆ ಇರುವ ಠಾಣೆ, ಆಯುಧ, ದಾರಿಗಳ ವಿವರ ಬರೆಯುವ ಮೊದಲು ರೆಜಿಮೆಂಟಲ್ ಸೆಂಟರ್‌ನವರನ್ನು ಕೇಳಿ. ಸರ್ಕಾರದ ಗುಟ್ಟು ಕಾಪಾಡುವ 1923ರ ಕಾಯ್ದೆ ಇನ್ನೂ ಜಾರಿಯಲ್ಲಿದೆ. 2021ರಲ್ಲಿ ರಕ್ಷಣಾ ಇಲಾಖೆ ಒಂದು ನೀತಿ ತಂದು, ಹಳೆಯ ಯುದ್ಧ ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಿಡುಗಡೆ ಮಾಡಬೇಕು ಅಂದಿದೆ, ಆದ್ದರಿಂದ ಹಳೆಯ ಕಾಲದ ಬಗ್ಗೆ ಬರೆಯೋದು ಮೊದಲಿಗಿಂತ ಹಗುರ ಆಗಬೇಕು.

ಪ್ರಕಾಶಕರು, ಮುದ್ರಣ, ದುಡ್ಡು ಇದೆಲ್ಲ ಆಮೇಲೆ ನೋಡೋಣ. ಮೊದಲ ಇಪ್ಪತ್ತು ಪುಟ ನೋಟ್‌ಬುಕ್ಕಿನಲ್ಲೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನೇ ಓದಿ ಉತ್ತರ ಬರೆಯುತ್ತೇನೆ.