ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರ ಪ್ರಶ್ನೆಗಳು

ಮಕ್ಕಳ ಕತೆಯೊಂದಕ್ಕೆ ಜಲವರ್ಣದಲ್ಲಿ ಚಿತ್ರ ಬರೆದುಕೊಟ್ಟಿದ್ದೆ. 32 ಪುಟದ ಪುಸ್ತಕ ಅಚ್ಚಾಗಿ ಬಂದಾಗ ಅಜ್ಜಿಯ ಮುಖ ನಡುಮಡಿಕೆಯಲ್ಲಿ ಸಿಕ್ಕಿತ್ತು, ಅಂಚಿನಲ್ಲಿದ್ದ ಎತ್ತಿನ ಕೊಂಬು ಕತ್ತರಿಸಿ ಹೋಗಿತ್ತು, ಜೋಳದ ಹೊಲದ ಹಸಿರು ಮಂಕಾಗಿತ್ತು. ಎಲ್ಲಿ ತಪ್ಪಿತು?
— ಓದುಗರು, ಬಾಗಲಕೋಟೆ

ಮುಖ ಮತ್ತು ಕೊಂಬಿನ ತಪ್ಪು ಬಣ್ಣ ಕಲಸುವ ಮೊದಲೇ ಆಗಿದೆ. ಎಂಟು ಎ4 ಹಾಳೆ ಜೋಡಿಸಿ ನಡುವಿಗೆ ಮಡಚಿ ಹೊಲಿಯಿರಿ, 32 ಪುಟದ ಡಮ್ಮಿ, ಅಂದರೆ ಖಾಲಿ ಮಾದರಿ ಪುಸ್ತಕ, ಆಯಿತು. ಮಕ್ಕಳ ಪುಸ್ತಕಕ್ಕೆ ಹೆಚ್ಚಾಗಿ ಇದೇ ಲೆಕ್ಕ ಇರಲು ಕಾರಣವಿದೆ. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಎಂಟೆಂಟು ಪುಟ ಅಚ್ಚು ಹಾಕಿ ಮೂರು ಸಲ ಮಡಚಿದರೆ 16 ಪುಟದ ಒಂದು ಫಾರ್ಮು, ಅಂಥವು ಎರಡು. ಶೀರ್ಷಿಕೆ, ಪ್ರಕಾಶಕರ ವಿವರಕ್ಕೆ ಮೂರ್ನಾಲ್ಕು ಪುಟ ಹೋದರೆ ಕತೆಗೆ ಉಳಿಯುವುದು ಸುಮಾರು 28. ಡಮ್ಮಿಯಲ್ಲಿ ಪೆನ್ಸಿಲಿನಿಂದ ಇಡೀ ಕತೆಯನ್ನು ಗೀಚಿ, ಪುಟ ತಿರುವಿ ನೋಡಿ. ಎದುರುಬದುರು ಪುಟ ಸೇರಿಸಿ ಒಂದೇ ಚಿತ್ರ ಬರೆಯುವಾಗ ಮಡಿಕೆಯ ಎರಡೂ ಬದಿ ಒಂದೂವರೆ ಸೆಂ.ಮೀ. ಒಳಗೆ ಮುಖ, ಕೈ ಬೇಡ. ಆಕಾಶ, ನೆಲ ಬಂದರೆ ಅಡ್ಡಿಯಿಲ್ಲ. ಅಂಚಿನವರೆಗೆ ಹೋಗುವ ಚಿತ್ರವನ್ನು ಪುಟದಿಂದ 3 ಮಿ.ಮೀ. ಹೊರಗೂ ಎಳೆದಿರಬೇಕು, ಯಾಕೆಂದರೆ ಕಟಿಂಗ್ ಬ್ಲೇಡು ಕೂದಲೆಳೆಯಷ್ಟು ಸರಿಯದೆ ಇರುವುದಿಲ್ಲ. ಕೊಂಬಿನಂಥ ಮುಖ್ಯವಾದದ್ದು ಅಂಚಿನಿಂದ ಒಂದು ಸೆಂ.ಮೀ. ಒಳಗಿರಲಿ.

ಹಸಿರಿನ ವಿಷಯ ಬೇರೆ. ಸ್ಕ್ರೀನು ತೋರಿಸುವ ಎಳೆಹಸಿರು, ಕಡುನೀಲಿಗಳನ್ನು ಅಚ್ಚಿನ ನಾಲ್ಕು ಶಾಯಿಗಳಿಂದ ಪೂರ್ತಿ ತರಲಾಗದು. ಕೋಟಿಂಗ್ (ನುಣುಪು ಲೇಪ) ಇಲ್ಲದ ಕಾಗದ ಶಾಯಿ ಹೀರಿ ಬಣ್ಣ ಇನ್ನಷ್ಟು ಮಂಕಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡಿ. ಪುಸ್ತಕದ ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಉಳಿಯುವಂತೆ ಸ್ಕ್ಯಾನ್ ಮಾಡಿಸಿ. ನೀವು ಬಳಸುವ ಹತ್ತು ಬಣ್ಣಗಳ ಪಟ್ಟಿಯೊಂದನ್ನು ಅದೇ ಕಾಗದದ ಮೇಲೆ ಮೊದಲೇ ಅಚ್ಚು ಹಾಕಿಸಿ ನೋಡಿ. ಈ ಒಂದು ಹಾಳೆಯ ಖರ್ಚಿಗೆ ಹಿಂದೆಮುಂದೆ ನೋಡಬಾರದು.

ಪುಟದಿಂದ ಪುಟಕ್ಕೆ ಹುಡುಗಿಯ ಮುಖ ಬದಲಾಗುತ್ತದೆ.
— ಓದುಗರು, ಇಳಕಲ್ಲು

ಮೊದಲು ಅವಳೊಬ್ಬಳದೇ ಒಂದು ಹಾಳೆ ಮಾಡಿ: ಎದುರು, ಪಕ್ಕ, ಓರೆಯಾಗಿ ಮುಕ್ಕಾಲು ಮುಖ, ಬೆನ್ನು; ನಗು, ಸಿಟ್ಟು, ಅಳು. ಎತ್ತರವನ್ನು ತಲೆಯ ಅಳತೆಯಲ್ಲೇ ಲೆಕ್ಕ ಹಾಕಿ. ಐದು ವರ್ಷದ ಮಗು ಸುಮಾರು ಐದೂವರೆ ತಲೆ, ದೊಡ್ಡವರು ಏಳರಿಂದ ಏಳೂವರೆ. ಮಗುವಿನ ಕಣ್ಣು ತಲೆಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಮೇಲೆ ಹಾಕಿದರೆ ಕೂಡಲೇ ವಯಸ್ಸಾದಂತೆ ಕಾಣುತ್ತದೆ. ಅವ್ವನಿಗೆ ನಿಮ್ಮೂರ ಸೀರೆ ಉಡಿಸಿದ್ದರೆ ಕೆಂಪು ಸೆರಗಿನ ಬಿಳಿ ತೆನೆಗಳು ಎಷ್ಟು, ಯಾವ ಭುಜದ ಮೇಲೆ ಎಂಬುದೂ ಆ ಹಾಳೆಯಲ್ಲಿರಲಿ. ಬಣ್ಣ ಕಲಸಿದ ಪ್ರಮಾಣ ಬರೆದಿಟ್ಟು, ಒಣಗಿದ ಮೇಲೆಯೇ ಹೋಲಿಸಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ.

ಒಂದೇ ಪುಸ್ತಕ ಕನ್ನಡ, ಮರಾಠಿ ಎರಡರಲ್ಲೂ ಬರಲಿದೆ. ಚಿತ್ರದಲ್ಲಿ ಏನು ನೋಡಿಕೊಳ್ಳಬೇಕು?
— ಓದುಗರು, ಬೆಳಗಾವಿ

ಅಂಗಡಿ ಬೋರ್ಡು, ಬಸ್ಸಿನ ಫಲಕದ ಅಕ್ಷರಗಳನ್ನು ಚಿತ್ರದೊಳಗೆ ಬರೆಯಬೇಡಿ, ಜಾಗವಷ್ಟೇ ಬಿಡಿ. ಅಕ್ಷರಗಳೆಲ್ಲ ಬರಿ ಕಪ್ಪಿನಲ್ಲಿದ್ದರೆ ಭಾಷೆ ಬದಲಾದಾಗ ಕಪ್ಪು ಶಾಯಿಯ ಪ್ಲೇಟೊಂದನ್ನೇ (ಅಚ್ಚಿನ ತಗಡು; ಒಂದೊಂದು ಶಾಯಿಗೂ ಒಂದೊಂದು) ಬದಲಿಸಿದರೆ ಸಾಕು. ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿನ ನಡುವೆ ಹೆಚ್ಚು ಅಂತರ ಬೇಕು. ಪಠ್ಯದ ಜಾಗವನ್ನು ಧಾರಾಳವಾಗಿ, ತಿಳಿಬಣ್ಣದಲ್ಲಿ ಉಳಿಸಿ.

ಒಂದೇ ಸಲ ಹಣ ಕೊಡುತ್ತೇವೆ, ಎಲ್ಲ ಹಕ್ಕು ನಮ್ಮದು ಎಂದು ಪ್ರಕಾಶಕರು ಹೇಳುತ್ತಾರೆ. ಒಪ್ಪಲೇ?
— ಓದುಗರು, ವಿಜಯಪುರ

ಬಾಯಿಮಾತಿಗೆ ಒಪ್ಪಬೇಡಿ. ಚಿತ್ರದ ಹಕ್ಕು ಸಾಮಾನ್ಯವಾಗಿ ಮೊದಲು ಬರೆದವರದೇ, ಆದರೆ ನೀವು ಅವರ ನೌಕರರಾಗಿದ್ದರೆ ಅಥವಾ ಅವರೇ ಹೇಳಿ ಹಣ ಕೊಟ್ಟು ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಾಗ ಅದು ಅವರದೇ ಆಗಬಹುದು; ಅದಕ್ಕೇ ಹಕ್ಕು ನಿಮ್ಮದೆಂದು ಮೊದಲೇ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮಲ್ಲಿರುವ ಹಕ್ಕನ್ನು ವರ್ಗಾಯಿಸಲು ಸಹಿ ಹಾಕಿದ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತವೆಂದೇ ಅರ್ಥ. ಒಂದೇ ಕಂತಿನ ಹಣ ಎಂದರೆ ಮೋಸವೆಂದೇನಲ್ಲ, ಆದರೆ ಅನುವಾದ, ಇ–ಪುಸ್ತಕ, ಆಟಿಕೆ, ಕ್ಯಾಲೆಂಡರ್ ಇವೆಲ್ಲ ಅದರಲ್ಲಿ ಸೇರಿವೆಯೋ ಎಂದು ಕೇಳಿ. ಹಣವನ್ನು ಮೂರು ಕಂತಾಗಿಸಿ: ಒಪ್ಪಂದಕ್ಕೆ, ಪೆನ್ಸಿಲ್ ಚಿತ್ರ ಒಪ್ಪಿದಾಗ, ಬಣ್ಣದ ಚಿತ್ರ ಕೊಟ್ಟಾಗ. ಉಚಿತ ತಿದ್ದುಪಡಿ ಎರಡು ಸುತ್ತು ಮಾತ್ರ, ಮುಖಪುಟದಲ್ಲಿ ನಿಮ್ಮ ಹೆಸರು, ಸ್ಕ್ಯಾನ್ ಆದ ಮೇಲೆ ಮೂಲಚಿತ್ರ ವಾಪಸ್ಸು ಎಂಬುದನ್ನೂ ಬರೆಸಿಕೊಂಡೇ ಸಹಿ ಹಾಕಿ.